ರಾಜ್ಯದ ಬಂಡವಾಳ ಬಜೆಟ್: ರಸ್ತೆ, ಸೇತುವೆ, ಕಾಲುವೆಯ ದುಡ್ಡಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ವರ್ಷ ಬಜೆಟ್ ಮಂಡನೆಯಾದ ಮೇಲೆ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಬರುತ್ತವೆ. ಮಾತಿನಲ್ಲಿ, ಪತ್ರದಲ್ಲಿ, ಕಾಮೆಂಟಿನಲ್ಲಿ ಕೇಳಿದವನ್ನು ಕೇಳಿದ ಹಾಗೆಯೇ ಇಟ್ಟು, ಸುಲಭದ್ದನ್ನು ಮೊದಲು, ಕಷ್ಟದ್ದನ್ನು ಆಮೇಲೆ ಜೋಡಿಸಿದ್ದೇನೆ. ಎಲ್ಲವೂ ಕರ್ನಾಟಕದ ಲೆಕ್ಕ. ಬೇರೆ ವರ್ಷ ಹೇಳದಿದ್ದರೆ ಅಂಕಿಗಳು 2025-26ರ ಬಜೆಟ್ ಅಂದಾಜಿನವು.

## ಮೊದಲ ಪಾಠ

ಬಂಡವಾಳ ಬಜೆಟ್ ಅಂದ್ರೆ ಏನು? ಬಜೆಟ್ ಒಂದೇ ಅಲ್ವಾ?

ಬಜೆಟ್ ಒಂದೇ, ಒಳಗೆ ಖಾತೆ ಎರಡು. ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನ, ಆಸ್ಪತ್ರೆಯ ಔಷಧಿ, ಗ್ಯಾರಂಟಿ ಯೋಜನೆಗಳು ಎಲ್ಲ ರಾಜಸ್ವ ಖಾತೆಗೆ ಹೋಗುತ್ತವೆ. ಆ ವರ್ಷದ ಖರ್ಚು ಆ ವರ್ಷಕ್ಕೇ ಮುಗಿಯುತ್ತದೆ. ರಸ್ತೆ, ಸೇತುವೆ, ಕಾಲುವೆ, ಶಾಲಾ ಕಟ್ಟಡ, ಅದಕ್ಕೆ ಬೇಕಾದ ಜಮೀನು, ಹೀಗೆ ಆಸ್ತಿಯಾಗಿ ಉಳಿಯುವುದು ಬಂಡವಾಳ ಖಾತೆಗೆ. ಸರ್ಕಾರ ಬೇರೆಯವರಿಗೆ ಕೊಡುವ ಸಾಲ, ನಿಗಮಗಳಲ್ಲಿ ಹಾಕುವ ಷೇರು ಹಣವೂ ಇಲ್ಲೇ ಬರುತ್ತವೆ. ರಾಜಸ್ವ ವೆಚ್ಚವನ್ನು ಬೇರೆ ವೆಚ್ಚಗಳಿಂದ ಬಿಡಿಸಿ ತೋರಿಸಲೇಬೇಕು ಅಂತ ಸಂವಿಧಾನದ 202ನೇ ವಿಧಿಯೇ ಹೇಳುತ್ತದೆ.

ಇಲ್ಲೊಂದು ಗೊಂದಲವಿದೆ. ರಾಜ್ಯ ಸರ್ಕಾರ ಪಂಚಾಯಿತಿಗೋ ನಗರಸಭೆಗೋ ಅನುದಾನ ಕೊಟ್ಟು, ಅವರು ಆ ದುಡ್ಡಿನಲ್ಲಿ ಕಟ್ಟಡ ಕಟ್ಟಿದರೂ ರಾಜ್ಯದ ಲೆಕ್ಕದಲ್ಲಿ ಅದು ರಾಜಸ್ವ ವೆಚ್ಚವೇ. ಆಸ್ತಿ ರಾಜ್ಯದ ಹೆಸರಿನಲ್ಲಿ ಇರುವುದಿಲ್ಲವಲ್ಲ. ಹಾಗಾಗಿ ಊರಲ್ಲಿ ಎದ್ದ ಕಟ್ಟಡಗಳೆಲ್ಲ ಬಂಡವಾಳ ಖಾತೆಯಲ್ಲಿ ಸಿಗುತ್ತವೆ ಅಂದುಕೊಳ್ಳಬೇಡಿ.

ಒಟ್ಟು ಬಜೆಟ್‌ನಲ್ಲಿ ಇದಕ್ಕೆ ಎಷ್ಟು ಪಾಲು?

ಒಟ್ಟು ಗಾತ್ರ 4,09,549 ಕೋಟಿ ರೂಪಾಯಿ. ಅದರಲ್ಲಿ ರಾಜಸ್ವ ವೆಚ್ಚ 3,11,739 ಕೋಟಿ, ಬಂಡವಾಳ ವೆಚ್ಚ 71,336 ಕೋಟಿ, ಹಳೆಯ ಸಾಲದ ಅಸಲು ತೀರಿಸಲು 26,474 ಕೋಟಿ. ಅಂದರೆ ನೂರು ರೂಪಾಯಿಯಲ್ಲಿ ಬಂಡವಾಳಕ್ಕೆ ಸಿಗುವುದು 17 ರೂಪಾಯಿ ಚಿಲ್ಲರೆ. "ನಾಲ್ಕು ಲಕ್ಷ ಕೋಟಿಯ ಬಜೆಟ್, ನಮ್ಮೂರಿಗೆ ಒಂದು ಸೇತುವೆ ಇಲ್ವಾ?" ಅಂತ ಕೇಳುವವರು ಈ 17 ರೂಪಾಯಿಯನ್ನು ನೆನಪಿಡಬೇಕು. ಸೇತುವೆ ಬರಬೇಕಾದ್ದು ಅದರೊಳಗಿಂದ.

ಸರ್ಕಾರ ಸಾಲ ಮಾಡೋದೇ ತಪ್ಪಲ್ವಾ?

ಸಾಲ ಮಾಡುವುದು ತಪ್ಪಲ್ಲ, ಯಾವುದಕ್ಕೆ ಮಾಡುತ್ತಾರೆ ಅನ್ನುವುದನ್ನು ನೋಡಬೇಕು. ಸೇತುವೆ ಹತ್ತಾರು ವರ್ಷ ನಿಲ್ಲುತ್ತದೆ. ಮುಂದೆ ಅದರ ಮೇಲೆ ಓಡಾಡುವವರೂ ಅದರ ಖರ್ಚಿನಲ್ಲಿ ಪಾಲು ಕೊಡುವುದು ನ್ಯಾಯ, ಸಾಲದ ಕಂತು ಅದನ್ನೇ ಮಾಡುತ್ತದೆ. ಇದೇ ವರ್ಷದ ಸಂಬಳಕ್ಕೆ ಸಾಲ ಮಾಡಿದರೆ ಆ ಮಾತು ನಿಲ್ಲುವುದಿಲ್ಲ.

ಈ ಸಲದ ಲೆಕ್ಕ ನೋಡಿ. ಹೊಸ ಸಾಲ 1,16,000 ಕೋಟಿ. ಹಳೆಯ ಅಸಲು ತೀರಿಸಿದ ಮೇಲೆ ಕೈಯಲ್ಲಿ ಉಳಿಯುವುದು 89,526 ಕೋಟಿ. ರಾಜಸ್ವ ಜಮೆ 2,92,477 ಕೋಟಿ ಮಾತ್ರ ಇರುವುದರಿಂದ ರಾಜಸ್ವ ಖಾತೆಯಲ್ಲೇ 19,262 ಕೋಟಿ ಕೊರತೆ. ಆ ಕೊರತೆಯೂ ಸಾಲದಿಂದಲೇ ತುಂಬಬೇಕು. ಅಂದರೆ ಕೈಗೆ ಬಂದ ಸಾಲದಲ್ಲಿ ಐದನೇ ಒಂದು ಪಾಲಿಗಿಂತ ಜಾಸ್ತಿ ದಿನದ ಖರ್ಚಿಗೆ ಹೋಗುತ್ತದೆ. ಒಟ್ಟು ಸಾಲ ಎಷ್ಟು ಅನ್ನುವುದಕ್ಕಿಂತ ಈ ಒಂದು ಅಂಕಿಯೇ ನನಗೆ ಹೆಚ್ಚು ಚಿಂತೆ ತರುತ್ತದೆ.

ಇದನ್ನೆಲ್ಲ ಯಾರು, ಯಾವಾಗ ಕೂತು ತೀರ್ಮಾನ ಮಾಡ್ತಾರೆ?

ಹಣಕಾಸು ವರ್ಷ ಏಪ್ರಿಲ್ 1ಕ್ಕೆ ಶುರು. ತಯಾರಿ ಅದಕ್ಕೆ ಸುಮಾರು ಆರು ತಿಂಗಳ ಮುಂಚಿನಿಂದ ನಡೆಯುತ್ತದೆ. ಮಳೆಗಾಲ ಕಳೆಯುವ ಹೊತ್ತಿಗೆ ಆರ್ಥಿಕ ಇಲಾಖೆ ಎಲ್ಲ ಇಲಾಖೆಗಳಿಗೂ ಸುತ್ತೋಲೆ ಕಳಿಸುತ್ತದೆ. ನಡೆಯುತ್ತಿರುವ ಕಾಮಗಾರಿಗೆ ಎಷ್ಟು ಬೇಕು, ಹೊಸದು ಏನು, ಹಳೆಯ ಬಾಕಿ ಎಷ್ಟು ಅಂತ ಇಲಾಖೆಗಳು ಪಟ್ಟಿ ಕೊಡುತ್ತವೆ. ಎಲ್ಲರ ಪಟ್ಟಿ ಕೂಡಿಸಿದರೆ ಇರುವ ದುಡ್ಡನ್ನು ಮೀರುತ್ತದೆ, ಹಾಗಾಗಿ ಕಡಿತ ಅಲ್ಲೇ ಶುರುವಾಗುತ್ತದೆ. ಆಮೇಲೆ ಜನವರಿ, ಫೆಬ್ರುವರಿಯಲ್ಲಿ ಮುಖ್ಯಮಂತ್ರಿಗಳು ಇಲಾಖಾವಾರು ಸಭೆ ನಡೆಸುತ್ತಾರೆ. ನಮ್ಮಲ್ಲಿ ಮುಖ್ಯಮಂತ್ರಿಗಳೇ ಹಣಕಾಸು ಖಾತೆ ಇಟ್ಟುಕೊಳ್ಳುವುದು ಹೆಚ್ಚು, ಹಾಗಾಗಿ ಕೊನೆಯ ಮಾತು ಅವರದ್ದೇ.

ಬಜೆಟ್ ಮಂಡನೆಯಾದರೆ ಮುಗಿಯಲಿಲ್ಲ. ವಿಧಾನಸಭೆ ಇಲಾಖಾವಾರು ಬೇಡಿಕೆಗಳಿಗೆ, ಅಂದರೆ ಇಲಾಖೆಗಳು ಕೇಳಿದ ಮೊತ್ತಗಳಿಗೆ, ಮತ ಹಾಕಬೇಕು, ಧನವಿನಿಯೋಗ ಮಸೂದೆ ಪಾಸಾಗಬೇಕು. ಅದಾಗದೆ ಸಂಚಿತ ನಿಧಿಯಿಂದ, ಅಂದರೆ ರಾಜ್ಯದ ಮುಖ್ಯ ಖಜಾನೆಯಿಂದ, ಒಂದು ರೂಪಾಯಿಯನ್ನೂ ತೆಗೆಯುವಂತಿಲ್ಲ.

## ನಮ್ಮೂರಿನ ಕಾಮಗಾರಿ

ಬಜೆಟ್ ಪುಸ್ತಕದಲ್ಲಿ ನಮ್ಮೂರ ರಸ್ತೆ ಇದೆಯಾ ಅಂತ ಹುಡುಕೋದು ಹೇಗೆ?

ಭಾಷಣದಲ್ಲಿ ಹುಡುಕಬೇಡಿ, ಲೆಕ್ಕಶೀರ್ಷಿಕೆ ಹಿಡಿದು ಹುಡುಕಿ. ನಾಲ್ಕು ಅಂಕಿಯ ಸಂಖ್ಯೆ 2 ಅಥವಾ 3ರಿಂದ ಶುರುವಾದರೆ ರಾಜಸ್ವ ವೆಚ್ಚ. 4 ಅಥವಾ 5ರಿಂದ ಶುರುವಾದರೆ ಬಂಡವಾಳ. 6 ಅಥವಾ 7 ಆದರೆ ಸಾಲ. ರಸ್ತೆ, ಸೇತುವೆ ಕಟ್ಟುವುದು 5054ರಲ್ಲಿ, ಅವುಗಳ ನಿರ್ವಹಣೆ 3054ರಲ್ಲಿ. ಸಣ್ಣ ನೀರಾವರಿ 4702, ಶಾಲಾ ಕಾಲೇಜು ಕಟ್ಟಡ 4202, ಆಸ್ಪತ್ರೆ ಕಟ್ಟಡ 4210. ಈ ಸಂಖ್ಯೆಗಳು ದೇಶದ ಎಲ್ಲ ರಾಜ್ಯಗಳಿಗೂ ಒಂದೇ.

ಒಂದೊಂದೇ ಕಾಮಗಾರಿಯ ಹೆಸರು ಬೇಕಾದರೆ ಲೋಕೋಪಯೋಗಿ ಇಲಾಖೆಯ ಅಪೆಂಡಿಕ್ಸ್-ಇ ನೋಡಿ. ಇಂಜಿನಿಯರುಗಳು, ಗುತ್ತಿಗೆದಾರರು, ಶಾಸಕರ ಆಪ್ತ ಸಹಾಯಕರು ಎಲ್ಲ ಹುಡುಕುವುದು ಅದನ್ನೇ. ಅದರಲ್ಲಿ ಹೆಸರು ಇದೆಯಾ, ಹೆಸರಿನ ಮುಂದೆ ಈ ವರ್ಷಕ್ಕೆ ಎಷ್ಟು ಇಟ್ಟಿದ್ದಾರೆ, ಎರಡನ್ನೂ ನೋಡಿ. ಹೆಸರಿದ್ದು ಮುಂದೆ ಚಿಲ್ಲರೆ ಮೊತ್ತ ಇದ್ದರೆ ಈ ವರ್ಷ ಹೆಚ್ಚು ನಿರೀಕ್ಷೆ ಬೇಡ.

ಭಾಷಣದಲ್ಲಿ ಘೋಷಣೆ ಆಗಿ ಎರಡು ವರ್ಷ ಆಯ್ತು, ಒಂದು ಬುಟ್ಟಿ ಮಣ್ಣೂ ಬಿದ್ದಿಲ್ಲ. ಯಾಕೆ?

ಜನ ಅತಿ ಹೆಚ್ಚು ಕೇಳುವ ಪ್ರಶ್ನೆ ಇದು, ಅವರ ಸಿಟ್ಟು ನ್ಯಾಯವಾದದ್ದೇ. ಭಾಷಣದಲ್ಲಿ "500 ಕೋಟಿ ವೆಚ್ಚದಲ್ಲಿ ಏತ ನೀರಾವರಿ" ಅಂತ ಹೇಳಿದರು ಅಂತಿಟ್ಟುಕೊಳ್ಳಿ. ಅದು ಸಾಮಾನ್ಯವಾಗಿ ಯೋಜನೆ ಮುಗಿಯುವ ತನಕದ ಒಟ್ಟು ಅಂದಾಜು. ಈ ವರ್ಷಕ್ಕೆ ಇಟ್ಟದ್ದು ಅದರಲ್ಲಿ ಸಣ್ಣ ತುಂಡು ಇರಬಹುದು, ಕೆಲವೊಮ್ಮೆ ಏನೂ ಇಲ್ಲದೆಯೂ ಇರಬಹುದು.

ದುಡ್ಡು ಇಟ್ಟಿದ್ದರೂ ಮುಂದೆ ದೊಡ್ಡ ದಾರಿಯಿದೆ. ಮೊದಲು ವಿವರವಾದ ಯೋಜನಾ ವರದಿ, ಅಂದರೆ ಡಿಪಿಆರ್ ಆಗಬೇಕು. ಆಮೇಲೆ ಆರ್ಥಿಕ ಇಲಾಖೆಯ ಒಪ್ಪಿಗೆ, ಮೊತ್ತ ದೊಡ್ಡದಾದರೆ ಸಚಿವ ಸಂಪುಟ, ಅದರ ಮೇಲೆ ಆಡಳಿತಾತ್ಮಕ ಅನುಮೋದನೆಯ ಸರ್ಕಾರಿ ಆದೇಶ. ನಂತರ ಇಂಜಿನಿಯರುಗಳ ತಾಂತ್ರಿಕ ಮಂಜೂರಾತಿ. ಆಮೇಲೆ 1999ರ ಪಾರದರ್ಶಕತೆ ಕಾಯ್ದೆಯ ಪ್ರಕಾರ ಟೆಂಡರ್. ಟೆಂಡರ್ ಇಲ್ಲದೆ ಕೊಡಬೇಕಾದರೆ ಅದೇ ಕಾಯ್ದೆಯ 4(ಜಿ) ವಿನಾಯಿತಿ ಬೇಕು, ಅದರ ಸುತ್ತ ಎಷ್ಟು ಜಗಳ ನಡೆದಿದೆ ಅಂತ ಪತ್ರಿಕೆ ಓದುವವರಿಗೆಲ್ಲ ಗೊತ್ತು. ನಡುವೆ ಜಮೀನು ಹೋಗುವುದಿದ್ದರೆ 2013ರ ಭೂಸ್ವಾಧೀನ ಕಾಯ್ದೆ, ಕಾಡು ಸಿಕ್ಕಿದರೆ ಅರಣ್ಯ ಅನುಮತಿ. ಇವುಗಳಲ್ಲಿ ಯಾವುದು ನಿಂತರೂ ಎಲ್ಲವೂ ನಿಲ್ಲುತ್ತದೆ.

ಜಮೀನು ಕೈಗೆ ಬರದೆ ಯೋಜನೆ ಘೋಷಿಸುವುದೇ ತಡಕ್ಕೆ ದೊಡ್ಡ ಕಾರಣ ಅನ್ನುವುದು ನನ್ನ ಅಭಿಪ್ರಾಯ. ಡಿಪಿಆರ್ ಮುಗಿದ, ಜಮೀನು ಸಿಕ್ಕಿದ ಕಾಮಗಾರಿಗಳನ್ನು ಮಾತ್ರ ಬಜೆಟ್‌ಗೆ ಸೇರಿಸಿದರೆ ಘೋಷಣೆಗಳ ಸಂಖ್ಯೆ ಇಳಿಯುತ್ತದೆ, ಮುಗಿಯುವ ಕೆಲಸಗಳ ಸಂಖ್ಯೆ ಏರುತ್ತದೆ.

"ನಾನೇ ಅನುದಾನ ತಂದೆ" ಅಂತ ಶಾಸಕರು ಹೇಳ್ತಾರಲ್ಲ, ಅದು ಅವರ ದುಡ್ಡಾ?

ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ. ಅದರಲ್ಲಿ ಕಾಮಗಾರಿ ಸೂಚಿಸುವುದು ಅವರು, ಹಣ ಬಿಡುಗಡೆ ಮಾಡುವುದು ಜಿಲ್ಲಾಡಳಿತ. ಅದಕ್ಕಿಂತ ದೊಡ್ಡ ಕೆಲಸ ಯಾವುದಾದರೂ ಇಲಾಖೆಯ ಬಜೆಟ್‌ನಿಂದ ಬಂದದ್ದು. ಅದನ್ನು ಪಟ್ಟಿಗೆ ಸೇರಿಸಲು ಶಾಸಕರು ಓಡಾಡಿರಬಹುದು, ಆ ಓಡಾಟಕ್ಕೂ ಬೆಲೆ ಇದೆ. ದುಡ್ಡು ಮಾತ್ರ ತೆರಿಗೆ ಕಟ್ಟಿದವರದು.

ಮಾರ್ಚ್ ಬಂತು ಅಂದ್ರೆ ಎಲ್ಲ ಕಡೆ ಡಾಂಬರು ಹಾಕ್ತಾರೆ. ಅಲ್ಲೀವರೆಗೆ ಏನು ಮಾಡ್ತಿದ್ರು?

ಮಾರ್ಚ್ 31ಕ್ಕೆ ಖರ್ಚಾಗದ ಅನುದಾನ ರದ್ದಾಗುತ್ತದೆ. ಮುಂದಿನ ವರ್ಷ ಮತ್ತೆ ಕೇಳಿ ಪಡೆಯಬೇಕು. ಈ ಭಯ ಒಂದು ಕಾರಣ. ಇನ್ನೊಂದು ಕಾರಣ ಮಳೆ. ಏಪ್ರಿಲ್‌ನಲ್ಲಿ ಬಜೆಟ್ ಜಾರಿಯಾಗಿ, ಆದೇಶ, ಟೆಂಡರ್ ಮುಗಿಯುವ ಹೊತ್ತಿಗೆ ಜೂನ್ ಬಂದಿರುತ್ತದೆ. ಕರಾವಳಿ, ಮಲೆನಾಡಿನಲ್ಲಂತೂ ಮಳೆ ನಿಲ್ಲುವ ತನಕ ಡಾಂಬರು ಮುಟ್ಟುವಂತಿಲ್ಲ. ಅಕ್ಟೋಬರ್ ನಂತರ ಶುರುವಾದ ಕೆಲಸದ ಬಿಲ್ ಫೆಬ್ರುವರಿ, ಮಾರ್ಚ್‌ನಲ್ಲಿ ಬರುವುದು ಸಹಜ. ಆದರೆ ಕೆಲಸ ಮುಗಿಯದೆಯೇ ದುಡ್ಡನ್ನು ಖಜಾನೆಯಿಂದ ತೆಗೆದು ಬೇರೆ ಠೇವಣಿ ಖಾತೆಯಲ್ಲಿ ಇಟ್ಟು "ಖರ್ಚಾಯಿತು" ಅಂತ ತೋರಿಸುವುದು ಸಹಜವಲ್ಲ. ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿಯ ವರದಿಗಳು ಇದನ್ನು ಮತ್ತೆ ಮತ್ತೆ ಆಕ್ಷೇಪಿಸಿವೆ.

## ವರ್ಷದ ನಡುವೆ ಬದಲಾವಣೆ

ಬಜೆಟ್ ಪಾಸಾದ ಮೇಲೆ ಒಂದು ಕಾಮಗಾರಿಯ ದುಡ್ಡನ್ನು ಇನ್ನೊಂದಕ್ಕೆ ತಿರುಗಿಸಬಹುದಾ?

ಒಂದೇ ಬೇಡಿಕೆಯ ಒಳಗೆ, ಒಂದೇ ಖಾತೆಯ ಒಳಗೆ ಆದರೆ ಆಗುತ್ತದೆ. ಅದನ್ನು ಪುನರ್ವಿನಿಯೋಗ ಅನ್ನುತ್ತಾರೆ. ಒಂದು ರಸ್ತೆಗೆ ಇಟ್ಟದ್ದು ಜಮೀನು ತಕರಾರಿನಿಂದ ಖರ್ಚಾಗುತ್ತಿಲ್ಲ, ಇನ್ನೊಂದು ರಸ್ತೆ ಚುರುಕಾಗಿ ನಡೆಯುತ್ತಿದೆ ಅಂದರೆ ಆ ಕಡೆ ಸರಿಸಬಹುದು. ಆದರೆ ಬಂಡವಾಳದಿಂದ ರಾಜಸ್ವಕ್ಕೆ, ಒಂದು ಬೇಡಿಕೆಯಿಂದ ಇನ್ನೊಂದಕ್ಕೆ ಸರಿಸುವಂತಿಲ್ಲ. ಶಾಸನಸಭೆ ಒಪ್ಪದ ಹೊಸ ಸೇವೆಗೂ ಹೀಗೆ ದುಡ್ಡು ಹೊಂದಿಸುವಂತಿಲ್ಲ. ಅದಕ್ಕೆಲ್ಲ ಸದನದ ಮುಂದೆ ಬರಲೇಬೇಕು.

ಪೂರಕ ಅಂದಾಜು ಅಂತ ಪೇಪರಲ್ಲಿ ಬರುತ್ತಲ್ಲ, ಅದು ಯಾಕೆ ಬೇಕು?

ಬಜೆಟ್‌ನಲ್ಲಿ ಇಟ್ಟದ್ದು ಸಾಲದಿದ್ದರೆ ಅಥವಾ ಹೊಸ ಖರ್ಚು ಬಂದರೆ 205ನೇ ವಿಧಿಯ ಪ್ರಕಾರ ಸದನದ ಒಪ್ಪಿಗೆ ಪಡೆಯುವ ದಾರಿ ಅದು. ನಮ್ಮಲ್ಲಿ ಸಾಮಾನ್ಯವಾಗಿ ಕಂತುಗಳಲ್ಲಿ ಬರುತ್ತದೆ: ಮಳೆಗಾಲದ ಅಧಿವೇಶನದಲ್ಲೊಂದು, ಬೆಳಗಾವಿಯ ಚಳಿಗಾಲದ ಅಧಿವೇಶನದಲ್ಲೊಂದು, ವರ್ಷದ ಕೊನೆಗೊಂದು. ಸದನ ಸೇರುವ ತನಕ ಕಾಯಲಾಗದ ತುರ್ತಿಗೆ, ಉದಾಹರಣೆಗೆ ಪ್ರವಾಹದಲ್ಲಿ ಸೇತುವೆ ಕೊಚ್ಚಿಹೋದರೆ, ಸಾದಿಲ್ವಾರು ನಿಧಿಯಿಂದ ತೆಗೆದು ಆಮೇಲೆ ಸದನದ ಒಪ್ಪಿಗೆ ಪಡೆದು ತುಂಬಿಸುತ್ತಾರೆ.

ಪರಿಷ್ಕೃತ ಅಂದಾಜನ್ನೂ ಇದನ್ನೂ ಬೆರೆಸಬೇಡಿ. ಪರಿಷ್ಕೃತ ಅಂದಾಜು ಬರೀ ಹೊಸ ಲೆಕ್ಕಾಚಾರ, ಅದು ಖರ್ಚಿಗೆ ಅನುಮತಿ ಕೊಡುವುದಿಲ್ಲ. ಪೂರಕ ಅಂದಾಜಿನ ಮೇಲಿನ ಚರ್ಚೆ ಕೆಲವೊಮ್ಮೆ ಗದ್ದಲದ ನಡುವೆ ನಿಮಿಷಗಳಲ್ಲಿ ಮುಗಿಯುತ್ತದೆ. ಸಾವಿರಾರು ಕೋಟಿಯ ವಿಷಯಕ್ಕೆ ಅಷ್ಟು ಸಮಯ ಖಂಡಿತ ಸಾಲದು.

ತೆರಿಗೆ ಕಡಿಮೆ ಬಂದ್ರೆ ಮೊದಲು ಕತ್ತರಿ ಬೀಳೋದು ಯಾವುದಕ್ಕೆ?

ಬಂಡವಾಳಕ್ಕೇ. ಸಂಬಳ ನಿಲ್ಲಿಸಲಾಗದು, ಪಿಂಚಣಿ ನಿಲ್ಲಿಸಲಾಗದು. ಬಡ್ಡಿ ಮತ್ತು ಸಾಲದ ಕಂತಿಗೆ ಸದನ ಮತ ಹಾಕುವುದೂ ಇಲ್ಲ, ಅವು ನೇರವಾಗಿ ಸಂಚಿತ ನಿಧಿಯ ಮೇಲಿನ ಹೊರೆ. ಗ್ಯಾರಂಟಿ ಯೋಜನೆಗಳಿಗೆ ಸುಮಾರು 51,000 ಕೋಟಿ, ತಿಂಗಳಿಗೆ ತಪ್ಪಿದರೆ ಮನೆ ಮನೆಯಲ್ಲೂ ಗೊತ್ತಾಗುತ್ತದೆ. ಕಾಲುವೆ ಒಂದು ವರ್ಷ ತಡವಾದರೆ ಆ ಊರಿನವರನ್ನು ಬಿಟ್ಟು ಯಾರೂ ಕೇಳುವುದಿಲ್ಲ. ಕಡಿತ ಅಂತ ಯಾರೂ ಘೋಷಿಸುವುದೂ ಇಲ್ಲ: ಮಂಜೂರಾತಿ ತಡವಾಗುತ್ತದೆ, ಹಣ ಬಿಡುಗಡೆ ನಿಧಾನವಾಗುತ್ತದೆ, ಬಿಲ್ ಬಾಕಿ ಉಳಿಯುತ್ತದೆ. ವರ್ಷದ ಕೊನೆಗೆ ಅಂಕಿ ತಾನಾಗಿಯೇ ಇಳಿದಿರುತ್ತದೆ.

ಗ್ಯಾರಂಟಿ ಬೇಡ ಅಂತ ನಾನು ಹೇಳುತ್ತಿಲ್ಲ. ಬಡ ಹೆಂಗಸಿನ ಕೈಗೆ ಹೋಗುವ ದುಡ್ಡಿಗೆ ಅದರದ್ದೇ ಬೆಲೆಯಿದೆ. ಬಂಡವಾಳದಲ್ಲಿ ಎಷ್ಟು ಕಡಿತ ಮಾಡಿದೆವು, ಯಾವ ಕಾಮಗಾರಿಗೆ ಅನ್ನುವುದನ್ನು ಸರ್ಕಾರ ವರ್ಷದ ನಡುವೆಯೇ ಬಾಯಿಬಿಟ್ಟು ಹೇಳಬೇಕು ಅನ್ನುವುದಷ್ಟೇ ನನ್ನ ಒತ್ತಾಯ.

ಚುನಾವಣೆ ವರ್ಷದಲ್ಲಿ ಏನಾಗುತ್ತೆ?

2023ನ್ನೇ ನೋಡಿ. ಫೆಬ್ರುವರಿ 17ರಂದು ಬಸವರಾಜ ಬೊಮ್ಮಾಯಿ ಅವರು ಸುಮಾರು 3.09 ಲಕ್ಷ ಕೋಟಿಯ ಬಜೆಟ್ ಮಂಡಿಸಿದರು. ಮೇ ತಿಂಗಳಲ್ಲಿ ಚುನಾವಣೆ ನಡೆದು ಸರ್ಕಾರ ಬದಲಾಯಿತು. ಜುಲೈ 7ರಂದು ಸಿದ್ದರಾಮಯ್ಯ ಅವರು ಸುಮಾರು 3.27 ಲಕ್ಷ ಕೋಟಿಯ ಹೊಸ ಬಜೆಟ್ ಮಂಡಿಸಿದರು. ಒಂದೇ ವರ್ಷಕ್ಕೆ ಎರಡು ಬಜೆಟ್. ಇಂಥ ಹೊತ್ತಿನಲ್ಲಿ ಕೆಲವು ತಿಂಗಳ ಖರ್ಚಿಗೆ ಲೇಖಾನುದಾನ ಪಡೆಯಲು 206ನೇ ವಿಧಿಯಲ್ಲಿ ಅವಕಾಶವಿದೆ. ನೀತಿ ಸಂಹಿತೆ ಇರುವಾಗ ಹೊಸ ಕಾಮಗಾರಿ ಶುರುವಾಗುವುದಿಲ್ಲ, ಬಂದ ಹೊಸ ಸರ್ಕಾರ ಹಳೆಯ ಪಟ್ಟಿಯನ್ನು ಮರುಪರಿಶೀಲಿಸುತ್ತದೆ. ಅರ್ಧ ವರ್ಷ ಅಲ್ಲೇ ಹೋಯಿತು.

## ಸ್ವಲ್ಪ ಆಳಕ್ಕೆ

ಸಾಲಕ್ಕೆ ಮಿತಿ ಇಲ್ವಾ?

ಇದೆ. ಕೇಂದ್ರಕ್ಕಿಂತ ಮುಂಚೆಯೇ, 2002ರಲ್ಲಿ, ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿತು. ದೇಶದಲ್ಲಿ ಇಂಥ ಕಾಯ್ದೆ ಮಾಡಿದ ಮೊದಲ ರಾಜ್ಯ ನಮ್ಮದು. ವಿತ್ತೀಯ ಕೊರತೆ (ಸಾಲ ಬಿಟ್ಟು ಬಂದ ಆದಾಯಕ್ಕೂ ವರ್ಷದ ಖರ್ಚಿಗೂ ಇರುವ ಅಂತರ) ರಾಜ್ಯದ ಒಟ್ಟು ಉತ್ಪನ್ನದ ಶೇ 3ರ ಒಳಗೆ, ಒಟ್ಟು ಹೊಣೆಗಾರಿಕೆ (ತೀರಿಸಬೇಕಾದ ಎಲ್ಲ ಬಾಕಿ) ಶೇ 25ರ ಒಳಗೆ ಇರಬೇಕು. ಕೋವಿಡ್ ವರ್ಷದಲ್ಲಿ ಕೊರತೆಯ ಮಿತಿಯನ್ನು ಶೇ 5ಕ್ಕೆ ಸಡಿಲಿಸಿದ್ದರು. ಈ ಬಜೆಟ್‌ನಲ್ಲಿ ಕೊರತೆ ಶೇ 2.95, ಹೊಣೆಗಾರಿಕೆ ಶೇ 24.91. ಮಿತಿಯೊಳಗೆ ಇದ್ದೇವೆ ನಿಜ, ಆದರೆ ಅಂಚಿನಲ್ಲಿ ಇದ್ದೇವೆ. ಇನ್ನೂ ಸಾಲ ತಂದು ರಸ್ತೆ ಮಾಡೋಣ ಅನ್ನಲು ಜಾಗ ಉಳಿದಿಲ್ಲ.

ಇದರ ಮೇಲೆ ಕೇಂದ್ರದ ಹಿಡಿತವೂ ಇದೆ. ಕೇಂದ್ರಕ್ಕೆ ಹಳೆಯ ಸಾಲ ಬಾಕಿ ಇರುವ ರಾಜ್ಯ ಹೊಸ ಸಾಲಕ್ಕೆ ಕೇಂದ್ರದ ಒಪ್ಪಿಗೆ ಪಡೆಯಬೇಕು ಅಂತ 293(3)ನೇ ವಿಧಿ ಹೇಳುತ್ತದೆ. ಒಪ್ಪಿಗೆ ಸಿಕ್ಕ ಸಾಲದ ದೊಡ್ಡ ಪಾಲು ರಿಸರ್ವ್ ಬ್ಯಾಂಕ್ ನಡೆಸುವ ಬಾಂಡ್ ಹರಾಜಿನಿಂದ ಬರುತ್ತದೆ.

ನೀರಾವರಿ ನಿಗಮಗಳ ಸಾಲ ಬಜೆಟ್ ಲೆಕ್ಕಕ್ಕೆ ಬರಲ್ಲ ಅಂತಾರೆ, ನಿಜಾನಾ?

ಅರ್ಧ ನಿಜ. ಕೃಷ್ಣಾ ಭಾಗ್ಯ ಜಲ ನಿಗಮ, ಕರ್ನಾಟಕ ನೀರಾವರಿ ನಿಗಮ, ಕಾವೇರಿ ನೀರಾವರಿ ನಿಗಮದಂಥ ಸಂಸ್ಥೆಗಳು ತಮ್ಮ ಹೆಸರಿನಲ್ಲಿ ಸಾಲ ಎತ್ತಿದರೆ ಅದು ಸರ್ಕಾರದ ಸಾಲವಾಗಿ ಕಾಣುವುದಿಲ್ಲ. ಆದರೆ ನೀರಿನ ಕರದಿಂದ ಆ ಸಾಲ ತೀರುವುದಿಲ್ಲ, ಕೊನೆಗೆ ಕಂತು ಕಟ್ಟುವುದು ರಾಜ್ಯದ ಬಜೆಟ್ಟೇ. ಹಾಗಾಗಿ ಅದನ್ನೂ ರಾಜ್ಯದ ಸಾಲ ಅಂತಲೇ ಎಣಿಸಬೇಕು. ಕೇಂದ್ರ ಸರ್ಕಾರವೂ 2022ರಲ್ಲಿ ಇಂಥ ಸಾಲಗಳನ್ನು ರಾಜ್ಯದ ಸಾಲಮಿತಿಯೊಳಗೇ ಲೆಕ್ಕ ಹಾಕುವುದಾಗಿ ರಾಜ್ಯಗಳಿಗೆ ತಿಳಿಸಿತು.

ಕೇಂದ್ರ 50 ವರ್ಷಕ್ಕೆ ಬಡ್ಡಿಯಿಲ್ಲದ ಸಾಲ ಕೊಡುತ್ತಂತೆ. ಅದನ್ನೇ ಪೂರ್ತಿ ತಗೊಂಡ್ರೆ ಆಗಲ್ವಾ?

2020-21ರಲ್ಲಿ ಶುರುವಾದ ಯೋಜನೆ ಅದು, ಬಂಡವಾಳ ವೆಚ್ಚಕ್ಕೆ ಮಾತ್ರ. 2025-26ರಲ್ಲಿ ಎಲ್ಲ ರಾಜ್ಯಗಳಿಗೂ ಸೇರಿ 1.5 ಲಕ್ಷ ಕೋಟಿ ಇಟ್ಟಿದ್ದಾರೆ. ಒಳ್ಳೆಯ ದುಡ್ಡು, ಬಿಡಬಾರದು. ಆದರೆ ಒಂದು ಪಾಲಿಗೆ ಕೇಂದ್ರ ಹೇಳಿದ ಸುಧಾರಣೆಗಳ ಷರತ್ತು ಇದೆ, ಖರ್ಚಿಗೆ ಗಡುವೂ ಇದೆ. ಬೇಕಾದಷ್ಟು ಎತ್ತಿಕೊಳ್ಳಲು ಬರುವುದಿಲ್ಲ.

ಕೇಂದ್ರ ಘೋಷಿಸಿದ್ದನ್ನು ಕೈಗೆ ಬಂದ ಹಾಗೆ ಲೆಕ್ಕ ಹಾಕುವುದೂ ಅಪಾಯ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 2023-24ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ಅಂತ ಹೇಳಿದ್ದರು. ಆ ಹಣ ಬಂದಿಲ್ಲ ಅಂತ ರಾಜ್ಯ ವರ್ಷಗಟ್ಟಲೆ ದೂರುತ್ತ ಬಂದಿದೆ. ಚಿತ್ರದುರ್ಗದ ರೈತರು ಅಷ್ಟೂ ದಿನ ಆ ನೀರಿಗೆ ಕಾಯುತ್ತಲೇ ಇದ್ದಾರೆ.

ಹಿಂದುಳಿದ ಕಡೆಗೆ, ಪರಿಶಿಷ್ಟರಿಗೆ ಪ್ರತ್ಯೇಕ ಪಾಲು ಇದೆಯಲ್ಲ, ಅದು ಹೇಗೆ?

371(ಜೆ) ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳಿಗೆ ಬೇರೆ ಮಂಡಳಿ ಇದೆ, 2025-26ಕ್ಕೆ 5,000 ಕೋಟಿ ಘೋಷಣೆಯಾಗಿದೆ. ಇಲಾಖೆಗಳ ಮಾಮೂಲಿ ಹಣದ ಮೇಲೆ ಇದು ಹೆಚ್ಚುವರಿಯಾಗಿ ಹೋಗಬೇಕು. ಮಂಡಳಿ ಇದೆಯಲ್ಲ ಅಂತ ಇಲಾಖೆಗಳು ಕೈ ಎತ್ತಿದರೆ ಉದ್ದೇಶವೇ ಹಾಳಾಗುತ್ತದೆ. 2002ರಲ್ಲೇ ನಂಜುಂಡಪ್ಪ ಸಮಿತಿ 114 ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿತ್ತು.

ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ 2013ರ ಕಾಯ್ದೆಯಿದೆ, ಜನಸಂಖ್ಯೆಗೆ ತಕ್ಕಂತೆ ಶೇ 24.1ರಷ್ಟು ಪಾಲು. ಅದರ 7(ಡಿ) ಸೆಕ್ಷನ್‌ನಿಂದಾಗಿ ಎಲ್ಲರೂ ಓಡಾಡುವ ರಸ್ತೆ, ಸೇತುವೆಯ ಒಂದು ಪಾಲನ್ನೂ ಪರಿಶಿಷ್ಟರ ಖರ್ಚು ಅಂತ ತೋರಿಸಲು ಆಗುತ್ತಿತ್ತು. 2023ರಲ್ಲಿ ಅದನ್ನು ತೆಗೆದುಹಾಕಿದರು. ಆಗಲೇಬೇಕಿದ್ದ ತಿದ್ದುಪಡಿ.

ಬಂಡವಾಳ ವೆಚ್ಚ ಜಾಸ್ತಿ ಆದಷ್ಟೂ ಒಳ್ಳೇದು ಅಲ್ವಾ?

ಹಾಗೇನಿಲ್ಲ. ಹತ್ತು ಕಾಮಗಾರಿಗೆ ಸಾಲುವ ದುಡ್ಡಿನಲ್ಲಿ ಮೂವತ್ತು ಶುರು ಮಾಡಿದರೆ ಅಂಕಿ ಚೆನ್ನಾಗಿ ಕಾಣುತ್ತದೆ, ಆದರೆ ಒಂದೂ ಸಮಯಕ್ಕೆ ಮುಗಿಯುವುದಿಲ್ಲ. ವರ್ಷ ಕಳೆದಂತೆ ದರಪಟ್ಟಿ ಏರುತ್ತದೆ, ಅಂದಾಜು ಪರಿಷ್ಕರಿಸಬೇಕಾಗುತ್ತದೆ, ಗುತ್ತಿಗೆದಾರರ ಬಿಲ್ ಬಾಕಿ ಬೆಳೆಯುತ್ತದೆ, ಬಾಕಿಯ ಭಯಕ್ಕೆ ಮುಂದಿನ ಟೆಂಡರಿನಲ್ಲಿ ಅವರು ದರ ಏರಿಸುತ್ತಾರೆ. ಆ ಹೊರೆ ಮುಂದಿನ ಬಜೆಟ್ ಮೇಲೆ ಬೀಳುತ್ತದೆ, ಹೊಸದಕ್ಕೆ ಜಾಗವೇ ಉಳಿಯುವುದಿಲ್ಲ.

ಇನ್ನೊಂದು, ಕಟ್ಟಿದ್ದನ್ನು ಕಾಪಾಡುವ ದುಡ್ಡು ರಾಜಸ್ವ ಖಾತೆಯದು. 5054ಕ್ಕೆ ಕೊಟ್ಟು 3054ಕ್ಕೆ ಕೊಡದಿದ್ದರೆ ಹೊಸ ರಸ್ತೆ ಬೇಗ ಹಳ್ಳ ಬೀಳುತ್ತದೆ. ವೈದ್ಯರ ಸಂಬಳ ಇಡದೆ ಆಸ್ಪತ್ರೆ ಕಟ್ಟಿದರೂ ಅಷ್ಟೇ.

ನಾನು ಅಕೌಂಟೆಂಟ್ ಅಲ್ಲ. ಕಡೆಗೆ ಏನನ್ನು ನೋಡಬೇಕು, ಏನನ್ನು ಕೇಳಬೇಕು?

ಬಜೆಟ್ ಪುಸ್ತಕದಲ್ಲಿ ಒಂದೊಂದು ಸಾಲಿನ ಮುಂದೆ ಹಿಂದಿನ ವರ್ಷಗಳ ನಿಜವಾದ ಲೆಕ್ಕ, ಈ ವರ್ಷದ ಬಜೆಟ್ ಅಂದಾಜು, ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಅಂದಾಜು ಇರುತ್ತವೆ. ಎಲ್ಲರ ಕಣ್ಣು ಕೊನೆಯ ಅಂಕಣಕ್ಕೆ ಹೋಗುತ್ತದೆ. ನೀವು ಮೊದಲನೆಯದನ್ನು ಓದಿ. ಆ ಇಲಾಖೆ ಹೇಳಿದ್ದರಲ್ಲಿ ಎಷ್ಟು ಮಾಡುತ್ತದೆ ಅನ್ನುವುದು ಅಲ್ಲಿ ಸಿಗುತ್ತದೆ. ತಿಂಗಳ ಲೆಕ್ಕ ಬೇಕಾದರೆ ಸಿಎಜಿ ಜಾಲತಾಣದಲ್ಲಿ ರಾಜ್ಯವಾರು ಮಾಸಿಕ ಅಂಕಿಗಳು ಬರುತ್ತವೆ. ಡಿಸೆಂಬರ್ ಮುಗಿದರೂ ಬಂಡವಾಳ ವೆಚ್ಚ ಅರ್ಧಕ್ಕೂ ಬಂದಿಲ್ಲ ಅಂದರೆ ಏನು ನಡೆಯುತ್ತಿದೆ ಅಂತ ನೀವೇ ಊಹಿಸಬಹುದು.

ನಿಮ್ಮೂರಿನ ಒಂದು ಕಾಮಗಾರಿಯ ಬಗ್ಗೆ ಮಾತ್ರ ತಿಳಿಯಬೇಕಾದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ. "ಕೆಲಸ ಯಾವಾಗ ಆಗುತ್ತದೆ" ಅಂತ ಕೇಳಿದರೆ "ಕ್ರಮ ವಹಿಸಲಾಗುತ್ತಿದೆ" ಅಂತ ಉತ್ತರ ಬರುತ್ತದೆ. ಅದರ ಬದಲು ಆಡಳಿತಾತ್ಮಕ ಅನುಮೋದನೆ ಆದೇಶದ ಪ್ರತಿ, ಲೆಕ್ಕಶೀರ್ಷಿಕೆ, ಈ ವರ್ಷ ಒದಗಿಸಿದ ಮತ್ತು ಬಿಡುಗಡೆಯಾದ ಮೊತ್ತ, ಕಾರ್ಯಾದೇಶದ ದಿನಾಂಕ, ಈ ತನಕ ಪಾವತಿಸಿದ ಬಿಲ್‌ಗಳ ಪ್ರತಿ ಕೇಳಿ. ಇವುಗಳಲ್ಲಿ ಯಾವ ಕಾಗದ ಇಲ್ಲವೋ ಕೆಲಸ ಅಲ್ಲೇ ನಿಂತಿದೆ. ಮುಂದಿನ ಅರ್ಜಿಯನ್ನು ಆ ಕಾಗದ ಕೊಡಬೇಕಾದ ಕಚೇರಿಗೇ ಹಾಕಿ.